ಚಪಲ್‌ಗೆ 1971ರ ಪದಕ ಯಾಕೆ?

ಚಳಿಗಾಲ ಬಂತೆಂದರೆ ಮೂಡಲಗಿ, ಗೋಕಾಕ, ಹುಕ್ಕೇರಿ ಕಡೆಯ ಶಾಲೆಗಳಿಂದ ಪ್ರವಾಸದ ಬಸ್ಸುಗಳು ಘಟ್ಟ ಇಳಿಯುತ್ತವೆ. ದಾಂಡೇಲಿ, ಕಾರವಾರ, ಗೋಕರ್ಣ, ಮುರ್ಡೇಶ್ವರ, ದಾರಿ ಹೆಚ್ಚುಕಡಿಮೆ ಗೊತ್ತಿದ್ದದ್ದೇ. ಕಾರವಾರದಲ್ಲಿ ಮಕ್ಕಳು ಸಮುದ್ರ ಕಂಡು ಕುಣಿದ ಮೇಲೆ ಮಾಸ್ತರರು ಅವರನ್ನು ಸಾಲಾಗಿ ನಿಲ್ಲಿಸಿ, ರವೀಂದ್ರನಾಥ ಟ್ಯಾಗೋರ್ ಕಡಲತೀರದ ಮರಳ ಮೇಲೆ ಕೂತಿರುವ ಯುದ್ಧನೌಕೆಗೆ ಹತ್ತಿಸುತ್ತಾರೆ. ಐಎನ್‌ಎಸ್ ಚಪಲ್. ಸ್ಥಳೀಯ ಪತ್ರಿಕೆಗಳಲ್ಲಿ ಚಾಪೆಲ್. ಇದು 1971ರ ಯುದ್ಧದಲ್ಲಿ ಕರಾಚಿ ಬಂದರನ್ನು ಸುಟ್ಟ ಹಡಗು ಎಂಬ ಮಾತು ಪ್ರವಾಸಿ ಬರಹಗಳಲ್ಲಿ, ಸುದ್ದಿಗಳಲ್ಲಿ, ಮಾಸ್ತರರ ಬಾಯಲ್ಲಿ ಎಷ್ಟು ಸಲ ಬಂದಿದೆಯೆಂದರೆ ಈಗ ಅದನ್ನು ಯಾರೂ ಪರೀಕ್ಷಿಸುವುದಿಲ್ಲ.

ಪರೀಕ್ಷಿಸಿದರೆ ಒಂದೇ ನಿಮಿಷದ ಕೆಲಸ. ಚಪಲ್ ನಮ್ಮ ನೌಕಾಪಡೆ ಸೇರಿದ್ದು 1976ರಲ್ಲಿ. ಯುದ್ಧ ಮುಗಿದು ಐದು ವರ್ಷವಾಗಿತ್ತು.

1971ರ ಡಿಸೆಂಬರ್ 4ರ ರಾತ್ರಿ ಕರಾಚಿಯತ್ತ ನುಗ್ಗಿದ್ದು ನಿಪಾತ್, ನಿರ್ಘಾತ್ ಮತ್ತು ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳು. ಬೆಂಗಾವಲಿಗೆ ಕಿಲ್ತಾನ್ ಮತ್ತು ಕಚಾಲ್ ಇದ್ದವು. ಪಾಕಿಸ್ತಾನದ ಖೈಬರ್ ಎಂಬ ವಿಧ್ವಂಸಕ ಹಡಗು, ಮುಹಾಫಿಜ್ ಎಂಬ ಮೈನ್‌ಸ್ವೀಪರ್ ಮುಳುಗಿದವು. ನಾಲ್ಕು ರಾತ್ರಿಗಳ ನಂತರ ವಿನಾಶ್ ಒಂದೇ ದೋಣಿ, ತಲ್ವಾರ್ ಮತ್ತು ತ್ರಿಶೂಲ್ ಬೆಂಗಾವಲಿನಲ್ಲಿ ಹೋಗಿ ಕರಾಚಿಯ ಕೇಮಾರಿಯ ತೈಲ ಟ್ಯಾಂಕುಗಳಿಗೆ ಬೆಂಕಿ ಇಟ್ಟಿತು. ಮೊದಲ ದಾಳಿಯ ದೋಣಿಗಳನ್ನು ಮುನ್ನಡೆಸಿದ ಬಬ್ರು ಭಾನ್ ಯಾದವ್ ಅವರಿಗೆ ಮಹಾವೀರ ಚಕ್ರ ಬಂತು. ಡಿಸೆಂಬರ್ 4 ನೌಕಾಪಡೆ ದಿನವಾದದ್ದು ಈ ಕಾರಣಕ್ಕೇ. ಈ ಪಟ್ಟಿಯಲ್ಲಿ ಚಪಲ್ ಇಲ್ಲ, ಇರಲು ಸಾಧ್ಯವೂ ಇಲ್ಲ.

ಕಡತ ಬೇಡ, ಕಣ್ಣು ಸಾಕು ಅನ್ನುವವರಿಗೂ ಒಂದು ಗುರುತು ಇದೆ. 1971ರ ದೋಣಿಗಳ ಹಳೆಯ ಫೋಟೊ ನೋಡಿ. ಡೆಕ್ಕಿನ ಎರಡೂ ಮಗ್ಗುಲಲ್ಲಿ ಕ್ಷಿಪಣಿ ಇಡುವ ಕೋಶಗಳು ಮೂಲೆ ಮೂಲೆಯಾಗಿ ಪೆಟ್ಟಿಗೆಯಂತಿವೆ. ಆಗಿನ ಕ್ಷಿಪಣಿಯ ರೆಕ್ಕೆ ಮಡಚುತ್ತಿರಲಿಲ್ಲ, ಹೀಗಾಗಿ ಅಗಲವಾದ ಪೆಟ್ಟಿಗೆ ಬೇಕಿತ್ತು. ರಷ್ಯನ್ನರು ಮುಂದೆ ರೆಕ್ಕೆ ಮಡಚುವ ಕ್ಷಿಪಣಿ ಮಾಡಿದರು, ಕೋಶವೂ ದುಂಡಗಿನ ಕೊಳವೆಯಾಯಿತು. ಚಪಲ್ ಆ ಎರಡನೇ ಮಾದರಿಯ ದೋಣಿ. ಏಳನೇ ಇಯತ್ತೆಯ ಹುಡುಗಿ ಫೋಟೊ ಕೈಯಲ್ಲಿ ಹಿಡಿದು ನಿಂತರೆ ವ್ಯತ್ಯಾಸ ಹೇಳಬಲ್ಲಳು. ನಾವು ಅವಳ ಕೈಗೆ ಫೋಟೊ ಕೊಡಲಿಲ್ಲ, ಕಥೆ ಕೊಟ್ಟೆವು.

"ಇರಲಿ ಬಿಡ್ರಿ, ಅದೇ ಜಾತಿಯ ದೋಣಿ ಅಲ್ಲೇನು? ಹುಡುಗರಿಗೆ ದೇಶಾಭಿಮಾನ ಬಂದರೆ ಆತು" ಎಂಬ ಮಾತು ನಮ್ಮಲ್ಲಿ ತಕ್ಷಣ ಬರುತ್ತದೆ. ಬೆಳಗಾವಿ ಜಿಲ್ಲೆಯವರು ಹೀಗೆ ಅನ್ನಬಾರದು. ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರ ನಮ್ಮ ಜಿಲ್ಲೆಯಲ್ಲಿದೆ, ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆ ಇದೆ, ಊರೂರಲ್ಲಿ ಮಾಜಿ ಸೈನಿಕರಿದ್ದಾರೆ. ತಾನು ಗಳಿಸದ ಪದಕವನ್ನು ಎದೆಗೆ ಚುಚ್ಚಿಕೊಂಡು ಆಗಸ್ಟ್ 15ರ ಧ್ವಜವಂದನೆಗೆ ಬಂದವನನ್ನು ಅವರು ಏನು ಮಾಡುತ್ತಾರೆಂದು ನಿಮಗೂ ಗೊತ್ತು. ಮನುಷ್ಯನಿಗೆ ಸಲ್ಲದ್ದು ಹಡಗಿಗೆ ಯಾಕೆ ಸಲ್ಲಬೇಕು? ನಿಪಾತ್, ನಿರ್ಘಾತ್, ವೀರ್, ವಿನಾಶ್ ಎಂಬ ನಾಲ್ಕು ಹೆಸರು ನಮ್ಮ ಮಕ್ಕಳಿಗೆ ಗೊತ್ತಿಲ್ಲ. ಅವುಗಳ ಸಾಹಸ ಮಾತ್ರ ಗೊತ್ತು, ಅದೂ ಬೇರೆಯವರ ಹೆಸರಿನಲ್ಲಿ.

ಇದರ ಇನ್ನೊಂದು ಮಗ್ಗುಲು ಇನ್ನೂ ಕಹಿ. 1971ರಲ್ಲಿ ನಿಜವಾಗಿ ಹೋರಾಡಿದ ವಿಕ್ರಾಂತ್ ಎಂಬ ವಿಮಾನವಾಹಕ ನೌಕೆ ನಮ್ಮ ಕೈಯಲ್ಲೇ ಇತ್ತು. ಅದರ ಸೀ ಹಾಕ್ ವಿಮಾನಗಳು ಚಿತ್ತಗಾಂಗ್, ಕಾಕ್ಸ್ ಬಜಾರ್ ಮೇಲೆ ದಾಳಿ ಮಾಡಿದ್ದವು. 1997ರಲ್ಲಿ ನಿವೃತ್ತಿಯಾಗಿ ಮುಂಬೈನಲ್ಲಿ ಮ್ಯೂಸಿಯಂ ಆಯಿತು. ಒಳಗೆ ಜನ ಓಡಾಡುವುದು ಅಪಾಯ ಎಂದು 2012ರಲ್ಲಿ ಬಾಗಿಲು ಹಾಕಿದರು. ಉಳಿಸಿ ಎಂದು ಕೆಲವರು ಸುಪ್ರೀಂ ಕೋರ್ಟ್ ವರೆಗೂ ಹೋದರು, ಆಗಲಿಲ್ಲ. 2014ರಲ್ಲಿ ಗುಜರಿಗೆ ಹೋಯಿತು. ಅದರ ಉಕ್ಕು ಕರಗಿಸಿ ಮಾಡಿದ ಬೈಕ್ ಮಾರುಕಟ್ಟೆಗೆ ಬಂತು, ಜಾಹೀರಾತಿನಲ್ಲಿ ಜನ ಕಣ್ಣೀರು ಒರೆಸಿಕೊಂಡರು. ಇನ್ನೊಂದು ವಿಮಾನವಾಹಕ ನೌಕೆ ವಿರಾಟ್ ಕಥೆಯೂ ಹಾಗೇ. 2017ರಲ್ಲಿ ನಿವೃತ್ತಿ, ಆಮೇಲೆ ಗುಜರಾತಿನ ಅಲಂಗ್ ತೀರದ ಗ್ಯಾಸ್ ಕಟರ್. ಉಳಿಸಬೇಕೆಂಬ ಅರ್ಜಿ 2021ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಿದ್ದುಹೋಗುವ ಹೊತ್ತಿಗೆ ಹಡಗಿನ ದೊಡ್ಡ ಭಾಗವನ್ನೇ ಕತ್ತರಿಸಿ ಆಗಿತ್ತು. ಅಂದರೆ 1971ರ ನಿಜವಾದ ಯೋಧನನ್ನು ಬೈಕ್ ಮಾಡಿದೆವು, 1976ರ ದೋಣಿಗೆ 1971ರ ಪದಕ ಹಾಕಿದೆವು.

ಹೇಳಲು ಮುಜುಗರವಾದರೂ ಹೇಳಬೇಕು. 1971ರ ಡಿಸೆಂಬರ್ 9ರಂದು ದಿಯು ಸಮೀಪ ನಮ್ಮ ಖುಕ್ರಿ ಯುದ್ಧನೌಕೆಯನ್ನು ಮುಳುಗಿಸಿದ ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿಯನ್ನು ಅವರು ಕರಾಚಿಯ ಮ್ಯೂಸಿಯಂನಲ್ಲಿ ಇಟ್ಟುಕೊಂಡಿದ್ದಾರೆ. ಅದೇ ಹಂಗೋರ್, ಬದಲಿ ಅಲ್ಲ. ಖುಕ್ರಿಯ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಮತ್ತು ಅವರ ಜೊತೆಗಾರರ ನೆನಪಿಗೆ ದಿಯುನಲ್ಲಿ ಈಗ ನಾವು ಇಟ್ಟಿರುವುದು ಅದೇ ಹೆಸರಿನ ಎರಡನೇ ಖುಕ್ರಿ, 1989ರ ಹಡಗು. ಅಲ್ಲಿ ತಕರಾರಿಲ್ಲ. ಹೆಸರು ಒಂದರಿಂದ ಇನ್ನೊಂದಕ್ಕೆ ಬಂದಿದೆ, ಮುಳುಗಿದ ಹಡಗು ಕಡಲ ತಳದಲ್ಲಿದೆ ಎಂಬುದು ಎಲ್ಲರಿಗೂ ಗೊತ್ತು. ಕಾರವಾರದಲ್ಲಿ ಅಷ್ಟು ನೇರವಾಗಿ ಮಾತಾಡಲು ಏನು ಅಡ್ಡಿ?

ಹಾಗಾದರೆ ಚಪಲ್ ಉಳಿಸುವುದು ಬೇಡವೇ? ಖಂಡಿತ ಬೇಕು. ಸುಳ್ಳಿನ ಆಸರೆ ತೆಗೆದ ಮೇಲೂ ಅದನ್ನು ಉಳಿಸಲು ಸಾಕಷ್ಟು ಕಾರಣಗಳಿವೆ, ನನ್ನ ಸಿಟ್ಟು ಅದಕ್ಕೇ. 38 ಮೀಟರಿಗೆ ತುಸು ಹೆಚ್ಚು ಉದ್ದ, 245 ಟನ್ ತೂಕದ ಈ ಪುಟ್ಟ ದೋಣಿ ನಾಲ್ಕು ಕ್ಷಿಪಣಿ ಹೊತ್ತು ದೊಡ್ಡ ಯುದ್ಧನೌಕೆಗಳ ಎದೆ ನಡುಗಿಸುತ್ತಿತ್ತು. 1967ರಲ್ಲಿ ಈಜಿಪ್ಟಿನ ಸಣ್ಣ ದೋಣಿಗಳು ಇದೇ ಕುಲದ ಕ್ಷಿಪಣಿಯಿಂದ ಇಸ್ರೇಲಿನ ಐಲಾತ್ ಹಡಗನ್ನು ಮುಳುಗಿಸಿದಾಗ ಜಗತ್ತಿನ ನೌಕಾಪಡೆಗಳೆಲ್ಲ ತಮ್ಮ ಲೆಕ್ಕ ತಿದ್ದಿಕೊಂಡವು. ನಮ್ಮವರು 1971ರ ಆ ಮೊದಲ ದೋಣಿಗಳನ್ನು ಕೋಲ್ಕತ್ತಾದಲ್ಲಿ ಇಳಿಸಿಕೊಂಡು, ಇಡೀ ಪರ್ಯಾಯ ದ್ವೀಪ ಸುತ್ತಿಸಿ ಮುಂಬೈಗೆ ಎಳೆದು ತಂದರು. ಬಂದರು ಕಾಯಲೆಂದು ಕಟ್ಟಿದ ದೋಣಿಯಿಂದ ಶತ್ರುವಿನ ಬಂದರಿಗೇ ನುಗ್ಗಿದರು. ಆ ಗೆಲುವು ನೋಡಿಯೇ ಇನ್ನಷ್ಟು ತರಿಸಿದ್ದು, ಚಪಲ್ ಬಂದದ್ದು. 'ಇದು ಕರಾಚಿಗೆ ಹೋಗಲಿಲ್ಲ, ಕರಾಚಿಗೆ ಹೋದವುಗಳ ತಮ್ಮ' ಎಂದು ಬರೆಯಿರಿ. ಕಥೆಯ ಸೊಗಸು ಏನು ಕಡಿಮೆಯಾಯಿತು?

ಇನ್ನು ತುಕ್ಕಿನ ಮಾತು. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಉಳಿದ ತಿಂಗಳು ಉಪ್ಪುಗಾಳಿ. ಈ ಜಾತಿಯ ದೋಣಿಯ ಒಡಲು ಉಕ್ಕಿನದು, ಮೇಲಿನ ಕಟ್ಟಡದಲ್ಲಿ ಅಲ್ಯೂಮಿನಿಯಂ ಮಿಶ್ರಲೋಹ ಇದೆ. ಎರಡು ಬೇರೆ ಲೋಹ ಒಂದನ್ನೊಂದು ಮುಟ್ಟುವಲ್ಲಿ ಉಪ್ಪುನೀರು ಸೇರಿತೆಂದರೆ ಅದೇ ಸಣ್ಣ ಬ್ಯಾಟರಿ, ಒಂದು ಲೋಹ ಇನ್ನೊಂದನ್ನು ತಿನ್ನತೊಡಗುತ್ತದೆ. ಹೊರಗೆ ಬೂದು ಬಣ್ಣ ಫಳಫಳ ಹೊಳೆಯುತ್ತಿದ್ದರೂ ಬಣ್ಣದಡಿ ಗುಳ್ಳೆ ಏಳುವುದು ಇಂಥ ಕೂಡುಗಳಲ್ಲಿ. ಗಣ್ಯರು ಬರುವ ಹಿಂದಿನ ದಿನ ಬಣ್ಣ ಬಳಿಯುವುದು ಸಂರಕ್ಷಣೆ ಅಲ್ಲ. ನಮ್ಮ ಘಟಪ್ರಭಾ ದಂಡೆಯ ಸಕ್ಕರೆ ಕಾರ್ಖಾನೆಗಳನ್ನು ನೋಡಿ: ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ ಗಾಣದ ರೋಲರ್ ಬಿಚ್ಚಿ, ಬಾಯ್ಲರ್ ತೊಳೆದು, ಸವೆದದ್ದನ್ನು ಬದಲಿಸದೆ ಮತ್ತೆ ಉರಿ ಹಚ್ಚುವುದಿಲ್ಲ. ಓವರ್‌ಹಾಲಿಂಗ್‌ಗೆ ದುಡ್ಡು ಮೊದಲೇ ಎತ್ತಿಟ್ಟಿರುತ್ತಾರೆ. ಹಡಗಿಗೂ ಮಳೆಗಾಲದ ಮುಂಚೆ ಹಾಗೊಂದು ಬಿಚ್ಚುವ, ಕೆರೆಯುವ, ತಟ್ಟಿ ನೋಡುವ ಕೆಲಸ ಬೇಕು, ಅದೂ ಹಡಗುಕಟ್ಟೆಯ ಕೆಲಸ ಬಲ್ಲವರಿಂದ.

ಅಡಚಣೆ ಎಂದರೆ ಹೊಸದನ್ನು ತರಲು ನಮಗೆ ಉತ್ಸಾಹ, ಇದ್ದದ್ದನ್ನು ಕಾಯಲು ಬೇಸರ. ಚಪಲ್ ಪಕ್ಕಕ್ಕೆ ಈಗ ಟುಪೊಲೆವ್ ಟಿಯು-142 ವಿಮಾನವೂ ಬಂದಿದೆ. 2017ರಲ್ಲಿ ಅರಕ್ಕೋಣದಲ್ಲಿ ನಿವೃತ್ತಿಯಾದ ಆ ದೈತ್ಯನನ್ನು ಬಿಡಿ ಬಿಡಿಯಾಗಿ ಲಾರಿಗಳಲ್ಲಿ ಸಾಗಿಸಿ ತಂದು ಜೋಡಿಸಿದರು. ಒಳ್ಳೆಯದೇ. ಆದರೆ ಹಾರುತ್ತಿದ್ದ ಅಲ್ಯೂಮಿನಿಯಮ್ಮನ್ನು ಉಪ್ಪುಗಾಳಿಗೆ ಒಡ್ಡಿದ ದಿನದಿಂದಲೇ ಅದರ ಖರ್ಚು ಶುರು. ರಿಬ್ಬನ್ ಕತ್ತರಿಸಿದವರು ಮುಂದಿನ ಇಪ್ಪತ್ತು ವರ್ಷದ ಲೆಕ್ಕವನ್ನೂ ಅದೇ ವೇದಿಕೆಯಲ್ಲಿ ಓದಿ ಹೇಳಬೇಕಿತ್ತು.

ಇದ್ದದ್ದನ್ನು ಕಾಯುವುದು ಹೇಗೆಂಬುದಕ್ಕೆ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಪಿಟಿ-305 ಎಂಬ ಟಾರ್ಪಿಡೊ ದೋಣಿ ಇದೆ. ಎರಡನೇ ಮಹಾಯುದ್ಧದಲ್ಲಿ ಮೆಡಿಟರೇನಿಯನ್‌ನಲ್ಲಿ ಕಾದಾಡಿ ಬಂದದ್ದು. ಯುದ್ಧದ ನಂತರ ಯಾರೋ ಕೊಂಡು, ಒಡಲನ್ನು ಮೋಟು ಮಾಡಿ, ಸಿಂಪಿ ಹಿಡಿಯಲು ಬಳಸಿದರು. 2007ರಲ್ಲಿ ಅದು ತನ್ನನ್ನು ಕಟ್ಟಿದ ಊರಿಗೇ ಮರಳಿತು. ಸ್ವಯಂಸೇವಕರು ಹತ್ತಿರ ಹತ್ತಿರ ಹತ್ತು ವರ್ಷ ದುಡಿದು ಮತ್ತೆ ನೀರಿಗಿಳಿಸಿದರು. ಸಿಂಪಿ ಹಿಡಿದ ದಿನಗಳನ್ನೂ ಮುಚ್ಚಿಡಲಿಲ್ಲ. ನಮ್ಮಲ್ಲಿ ಕೈಕೆಲಸ ಬಲ್ಲ ನಿವೃತ್ತ ನಾವಿಕರಿಗೇನು ಬರವೇ? ಚಪಲ್ ಮೇಲೆ 1976ರಿಂದ 2005ರ ವರೆಗೆ ದುಡಿದವರು ಇನ್ನೂ ಇದ್ದಾರೆ. ಎಂಜಿನ್ ಕೋಣೆಯ ಸೆಕೆ ಎಷ್ಟಿತ್ತು, ಅಲೆ ಎದ್ದಾಗ ಊಟ ಹೇಗೆ ಮಾಡುತ್ತಿದ್ದರು ಎಂದು ಅವರನ್ನು ಕೇಳಿ ದಾಖಲಿಸಿಕೊಳ್ಳಿ. ಮಕ್ಕಳಿಗೆ ಹಡಗಿನೊಳಗೆ ನಿಲ್ಲಿಸಿದ ಗೊಂಬೆ ನಾವಿಕರಿಗಿಂತ ಆ ಮಾತು ರುಚಿಸುತ್ತದೆ.

ನಮ್ಮ ಕಡೆಯವರದು ಬೇರೆಯೇ ತಕರಾರು. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಗೋಕಾಕಿನ ಮನೆಗಳಿಗೆ ನುಗ್ಗಿದ್ದನ್ನು ಕಂಡವರು, ಸಮುದ್ರದ ದಂಡೆಯ ಹಳೆ ಕಬ್ಬಿಣಕ್ಕೆ ಸರ್ಕಾರ ಯಾಕೆ ದುಡ್ಡು ಸುರಿಯಬೇಕು ಎನ್ನುತ್ತಾರೆ. ಅದೂ ನಮ್ಮ ನದಿಯ ನೀರು ಕೃಷ್ಣೆ ಸೇರಿ ಮೂಡಣ ಸಮುದ್ರಕ್ಕೆ ಹೋಗುತ್ತದೆ, ಕಾರವಾರದ ಕಡಲಿಗಲ್ಲ! ತಮಾಷೆ ಬಿಡಿ, ಪ್ರಶ್ನೆ ನ್ಯಾಯದ್ದೇ. ಆದರೆ ಮನೆ ಪರಿಹಾರ ತಡವಾದದ್ದಕ್ಕೆ ಕಾರಣ ಕಾರವಾರದ ದೋಣಿಯಲ್ಲ. ಟಿಕೆಟ್ಟಿನಿಂದ ಬಂದ ದುಡ್ಡು ಬೇರೆ ಖಾತೆಗೆ ಹರಿಯದೆ ಅದೇ ಹಡಗಿನ ಒಡಲಿಗೆ ಸೇರಬೇಕು ಎಂಬ ನಿಯಮ ಮಾಡಿದರೆ ಹೊರೆಯೂ ಇಳಿಯುತ್ತದೆ. ಪ್ರವಾಸದ ಬಸ್ಸಿನಲ್ಲಿ ಹೋಗಿ ಟಿಕೆಟ್ ತೆಗೆಸುವವರಲ್ಲಿ ನಾವೂ ಇದ್ದೇವೆ, ಲೆಕ್ಕ ಕೇಳುವ ಹಕ್ಕು ನಮಗೂ ಇದೆ.

ಕಾರವಾರಕ್ಕೆ ಯುದ್ಧನೌಕೆ ಬಂದ ಕಥೆಯಲ್ಲಿ ಇನ್ನೊಂದು ಅಧ್ಯಾಯ ಇದೆ, ಅದನ್ನು ಪ್ರವಾಸೋದ್ಯಮದ ಬರಹಗಳು ಮುಟ್ಟುವುದಿಲ್ಲ. ಚಪಲ್ ನಿವೃತ್ತಿಯಾದ 2005ರಲ್ಲೇ ಅರ್ಗಾದ ಐಎನ್‌ಎಸ್ ಕದಂಬ ನೌಕಾನೆಲೆ ಶುರುವಾಯಿತು. ಅದರ ಶಂಕುಸ್ಥಾಪನೆ 1986ರಲ್ಲೇ ಆಗಿತ್ತು. ಸೀಬರ್ಡ್ ಎಂಬ ಈ ನೌಕಾನೆಲೆಯ ಯೋಜನೆಗೆ ಗದ್ದೆ, ಮನೆ, ಮೀನುಗಾರಿಕೆಯ ದಂಡೆ ಬಿಟ್ಟುಕೊಟ್ಟ ಕುಟುಂಬಗಳು ಪರಿಹಾರಕ್ಕಾಗಿ ದಶಕಗಳ ಕಾಲ ಕೋರ್ಟು ಕಚೇರಿ ಅಲೆದವು. ಹಡಗಿನ ಒಳಗಿನ ಒಂದು ಗೋಡೆಯಾದರೂ ಆ ನಿರಾಶ್ರಿತರಿಗೆ ಸೇರಬೇಕು. ದೇಶ ರಕ್ಷಣೆಗೆ ಅವರು ಕೊಟ್ಟದ್ದು ಕಾಲ್ಪನಿಕ ಅಲ್ಲ.

ಬಣ್ಣಕ್ಕೆ, ಬೆಸುಗೆಗೆ, ಟೆಂಡರಿಗೆ ಕಾಲ ಹಿಡಿಯುತ್ತದೆ, ಒಪ್ಪೋಣ. ಹೊಣೆ ನೌಕಾಪಡೆಯದೋ ಜಿಲ್ಲಾಡಳಿತದ್ದೋ ಪ್ರವಾಸೋದ್ಯಮ ಇಲಾಖೆಯದೋ ಎಂದು ಕಾಗದದಲ್ಲಿ ಇತ್ಯರ್ಥ ಮಾಡಲು ಒಂದು ಸಭೆ ಸಾಕು. ಇಸವಿ ತಿದ್ದಲು ಅದೂ ಬೇಡ. ಬರುವ ಡಿಸೆಂಬರ್ 4ರ ಒಳಗೆ ಚಪಲ್ ಬಗೆಗಿನ ಪ್ರತಿ ಸರ್ಕಾರಿ ಬರಹದಲ್ಲೂ 1976 ಎಂದು ಬರಲಿ, ಕೆಳಗೆ ನಿಪಾತ್, ನಿರ್ಘಾತ್, ವೀರ್, ವಿನಾಶ್ ಹೆಸರು ಬರಲಿ. ಅಲ್ಲಿಯ ತನಕ ಮೂಡಲಗಿಯ ಮಾಸ್ತರರು ಈ ನಾಲ್ಕು ಹೆಸರನ್ನು ಬಸ್ಸು ಹತ್ತುವ ಮುಂಚೆಯೇ ಬೋರ್ಡಿನ ಮೇಲೆ ಬರೆದು ಓದಿಸಬಹುದು, ಅದಕ್ಕೆ ಯಾರ ಮಂಜೂರಾತಿಯೂ ಬೇಕಿಲ್ಲ.