ಹೈದರನ ಕಡೆ ಯಾರು ಆಡ್ತೀರಾ?

ನಾವು ನಾಲ್ಕು ಜನ. ಒಬ್ಬ ದುರ್ಗದವನು, ಒಬ್ಬ ಹಿರಿಯೂರಿನವನು, ಒಬ್ಬಳು ಹೊಸದುರ್ಗದವಳು, ಇನ್ನೊಬ್ಬ ಹೊಳಲ್ಕೆರೆಯವನು. ಹಾಸ್ಟೆಲ್‌ನಲ್ಲಿ ಯಾರಾದ್ರೂ ಊರು ಕೇಳಿದರೆ ನಾಲ್ಕೂ ಜನ "ಚಿತ್ರದುರ್ಗ" ಅಂತಲೇ ಹೇಳ್ತೀವಿ. ತಕ್ಷಣ ಬರೋ ಮಾತು ಒಂದೇ: "ಓ, ಓಬವ್ವನ ಊರು!"

ಹಾಗಾಗಿ ಮೇಜಿನ ಮೇಲೆ ಆಡೋ ಒಂದು ಯುದ್ಧದಾಟ ಮಾಡೋಣ ಅಂತ ಹೊರಟಾಗ ನಮಗೆ ವಿಷಯ ಹುಡುಕೋ ಕಷ್ಟ ಬರಲಿಲ್ಲ. ಕಷ್ಟ ಬಂದಿದ್ದು ಆಡೋಕೆ ಕೂತಾಗ. "ಮಗಾ, ನಾನು ಹೈದರನ ಕಡೆ ಆಡಲ್ಲ" ಅಂದ ಒಬ್ಬ. ಇನ್ನೊಬ್ಬನೂ ಅದನ್ನೇ ಅಂದ. ಎಲ್ಲರಿಗೂ ಓಬವ್ವನೇ ಬೇಕು!

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮಿನಿಯೇಚರ್ ವಾರ್‌ಗೇಮ್ ಅಂದರೆ ಹೆಬ್ಬೆರಳುದ್ದದ ಬೊಂಬೆಗಳು, ಥರ್ಮಾಕೋಲ್ ಬಂಡೆಗಳು, ಅಳೆಯೋಕೆ ಸ್ಕೇಲು, ಅದೃಷ್ಟಕ್ಕೆ ದಾಳ. ಪ್ರಷ್ಯಾದ ಸೈನ್ಯ 1820ರ ದಶಕದಲ್ಲೇ ತನ್ನ ಅಧಿಕಾರಿಗಳಿಗೆ ಇಂಥ ಆಟ ಆಡಿಸಿ ತರಬೇತಿ ಕೊಡ್ತಿತ್ತು. ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿ ಮನೆಯಲ್ಲಿ ಆಡೋ ಹಾಗೆ ನಿಯಮಗಳ ಪುಸ್ತಕವನ್ನೇ ಬರೆದರು. ದೊಡ್ಡ ಯುದ್ಧದ ಬದಲು ಹತ್ತಿಪ್ಪತ್ತು ಜನರ ಚಿಕ್ಕ ಕಾಳಗವನ್ನಷ್ಟೇ ಆಡಿದರೆ ಅದು ಸ್ಕರ್ಮಿಶ್. ಯಾರು ಎಲ್ಲಿ ನಿಂತಿದ್ದಾರೆ, ಯಾರಿಗೆ ಏನು ಗೊತ್ತು, ಗೆಲುವು ಅಂದರೆ ಏನು, ಇದನ್ನೆಲ್ಲ ಬರೆದಿಡೋ ಹಾಳೆಯೇ ಸಿನಾರಿಯೊ.

ಓಬವ್ವನ ಕಥೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಕಾವಲುಗಾರ ಮುದ್ದಹನುಮ ಊಟಕ್ಕೆ ಬಂದಿದ್ದಾನೆ. ಹೆಂಡತಿ ಓಬವ್ವ ನೀರಿಗೆ ಅಂತ ತಣ್ಣೀರು ದೋಣಿ ಕಡೆ ಹೋದಾಗ ಬಂಡೆಯ ಕಿಂಡಿಯಲ್ಲಿ ಸೈನಿಕರು ತೂರಿ ಬರ್ತಿರೋದು ಕಾಣುತ್ತೆ. ಕೈಯಲ್ಲಿ ಒನಕೆ. ಮುಂದಿನದನ್ನು 1972ರ 'ನಾಗರಹಾವು' ಚಿತ್ರದಲ್ಲಿ ಜಯಂತಿ ಅವರ ಅಭಿನಯದಲ್ಲಿ ನಾವೆಲ್ಲ ನೋಡಿದ್ದೀವಿ.

ಎಂಜಿನಿಯರಿಂಗ್ ಕಣ್ಣಿನಿಂದ ನೋಡಿದರೆ ಕಿಂಡಿಯಲ್ಲಿ ಇನ್ನೂ ಒಂದು ವಿಷಯ ಇದೆ. ಇಂಗ್ಲೆಂಡಿನ ಕಾರು ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ ಮೊದಲನೇ ಮಹಾಯುದ್ಧದ ಕಾಲದಲ್ಲಿ ಕಾಳಗಕ್ಕೂ ಸಮೀಕರಣ ಬರೆದ. ಬಯಲಿನಲ್ಲಿ ದೂರದಿಂದ ಬಂದೂಕು ಹಾರಿಸುವಾಗ ಸೈನ್ಯದ ಬಲ ಸಂಖ್ಯೆಯ ವರ್ಗದಷ್ಟು. ಅಂದರೆ ಹತ್ತು ಜನರ ಎದುರು ಇಪ್ಪತ್ತು ಜನ ನಿಂತರೆ ಬಲ ಎರಡರಷ್ಟಲ್ಲ, ನಾಲ್ಕರಷ್ಟು. ಒಬ್ಬರಿಗೊಬ್ಬರು ಎದುರಾಗೋ ಜಾಗದಲ್ಲಿ ಈ ಲಾಭ ಇರಲ್ಲ. ಕಿಂಡಿಯಲ್ಲಿ ಒಂದು ಸಲಕ್ಕೆ ಒಂದೇ ತಲೆ. ಹೊರಗೆ ಸಾವಿರ ಜನ ನಿಂತಿರಲಿ, ಓಬವ್ವನ ಎದುರಿಗೆ ಯಾವಾಗಲೂ ಒಬ್ಬನೇ.

ಆದರೂ ನಮ್ಮ ಮೊದಲನೇ ಆಟ ಪೂರ್ತಿ ಫ್ಲಾಪ್. ಮೇಜಿನ ಮೇಲೆ ಎಲ್ಲ ಎಲ್ಲರಿಗೂ ಕಾಣ್ತಿತ್ತು. ಇಬ್ಬರು ಸತ್ತ ಮೇಲೆ ಹೈದರನ ಕಡೆಯವನು, "ನೋಡ್ತಾ ನೋಡ್ತಾ ಯಾರು ತಲೆ ಕೊಡ್ತಾರೆ?" ಅಂತ ಉಳಿದವರನ್ನ ವಾಪಸ್ ಕರೆದುಕೊಂಡ. ಸರಿಯಾಗೇ ಇತ್ತು ಅವನ ಮಾತು. ಹಾಗಾದರೆ ಕಥೆಯಲ್ಲಿ ಅವರು ಯಾಕೆ ಬರ್ತಾನೇ ಇದ್ದರು? ಒಳಗೆ ಏನಾಗ್ತಿದೆ ಅಂತ ಅವರಿಗೆ ಗೊತ್ತೇ ಇರಲಿಲ್ಲ.

ಒಂದು ಶೂ ಡಬ್ಬ ತಂದು ಪಕ್ಕದಲ್ಲಿ ತೂತು ಮಾಡಿದೆವು. ಹೈದರನ ಕಡೆಯವನು ಬೊಂಬೆಯನ್ನ ಒಂದೊಂದಾಗಿ ತೂತಿನೊಳಗೆ ಬಿಡಬೇಕು. ಆ ಕಡೆ ಕೂತ ಓಬವ್ವ ದಾಳ ಹಾಕ್ತಾಳೆ. 1 ಬಿದ್ದರೆ ಚೀರಾಟ ಹೊರಗೆ ಕೇಳುತ್ತೆ, ಬೇರೆ ಏನು ಬಿದ್ದರೂ ಮೌನ. ಲೆಕ್ಕ ಹಾಕಿ ನೋಡಿ: ನಾಲ್ಕು ಜನ ಸದ್ದಿಲ್ಲದೆ ಬೀಳೋ ಸಾಧ್ಯತೆ ಸುಮಾರು ಶೇ 48. ಹತ್ತು ಜನ ಬೀಳೋದು ಬರೀ ಶೇ 16. ಓಬವ್ವ ಮಾಡಿದ್ದು ಎಷ್ಟು ಕಷ್ಟದ ಕೆಲಸ ಅಂತ ನಮಗೆ ಅರ್ಥ ಆಗಿದ್ದು ಸಿನಿಮಾದಿಂದಲ್ಲ, ಈ ಎರಡು ಸಂಖ್ಯೆಗಳಿಂದ.

ಈ ಕಡೆ ಕೂತವನ ಕಥೆ ಇನ್ನೊಂದು ಥರ. ಐದನೇ ಬೊಂಬೆ ಹಿಡಿದುಕೊಂಡು ನಮ್ಮ ಹೊಳಲ್ಕೆರೆ ಗೆಳೆಯ ತುಂಬ ಹೊತ್ತು ಸುಮ್ಮನೆ ಕೂತ. "ಹೋದವರು ಏನಾದ್ರು ಅಂತ ಹೇಳ್ರೋ" ಅಂದ. ಹೇಳಲಿಲ್ಲ. ಕೊನೆಗೆ ಬಿಟ್ಟ. ಆ ಒಂದು ನಿಮಿಷ ಅವನು ವಿಲನ್ ಆಗಿರಲಿಲ್ಲ. ಕತ್ತಲ ತೂತಿನೊಳಗೆ ತನ್ನವರನ್ನ ಕಳಿಸ್ತಿರೋ ಒಬ್ಬ ಮನುಷ್ಯ ಆಗಿದ್ದ.

ನಾವು ಹೇಳಬೇಕು ಅಂತಿರೋದು ಇದನ್ನೇ. ಇತಿಹಾಸದ ಆಟ ಮಾಡುವಾಗ ಎದುರಾಳಿ ಕಡೆ ಕೂರೋಕೆ ಒಬ್ಬರು ಮನಸಾರೆ ಒಪ್ಪೋ ಹಾಗೆ ಬರೀಬೇಕು. ಹಾಗೆ ಬರೀಲಿಲ್ಲ ಅಂದರೆ ಅದು ಇತಿಹಾಸವೂ ಅಲ್ಲ, ಆಟವೂ ಅಲ್ಲ, ಬರೀ ಘೋಷಣೆ. ಈಗ ಹೈದರ್ ಅಂದ ತಕ್ಷಣ ಒಂದು ಧರ್ಮದ ಲೆಕ್ಕ ತೆಗೆಯೋರು ಜಾಸ್ತಿ. ಆದರೆ ದುರ್ಗದ ಚರಿತ್ರೆ ಅಷ್ಟು ಸಲೀಸಾಗಿ ಎರಡು ಬಣ್ಣಕ್ಕೆ ಬರಲ್ಲ. 1763ರಲ್ಲಿ ಹೈದರ್ ಬಿದನೂರನ್ನು ಗೆದ್ದಾಗ ದುರ್ಗದ ಮದಕರಿ ನಾಯಕ ಅವನ ಜೊತೆಗಿದ್ದ. 1779ರಲ್ಲಿ ಅದೇ ಹೈದರನಿಗೆ ದುರ್ಗ ಬಿತ್ತು. ಸೆರೆಯಾದ ಮದಕರಿ ಶ್ರೀರಂಗಪಟ್ಟಣದಲ್ಲೇ ತೀರಿಕೊಂಡ. ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಪ್ರಕಾರ ದುರ್ಗದ ಕಡೆಯ 20,000 ಜನರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಅವರಲ್ಲಿದ್ದ ಹುಡುಗರಿಗೆ ಯುದ್ಧ ಕಲಿಸಿ 'ಚೇಲಾ' ಅನ್ನೋ ದಳ ಕಟ್ಟಿದರು. ಅಂದರೆ ಕೆಲವೇ ವರ್ಷಗಳಲ್ಲಿ 'ಆ ಕಡೆಯ' ಬೊಂಬೆ ನಮ್ಮ ದುರ್ಗದ ಹುಡುಗನೇ. ಅವನಿಗೆ ಯಾವ ಬಣ್ಣ ಹಚ್ಚೋದು?

ಇನ್ನೊಂದು ನಿಯಮ ಹಾಕಿಕೊಂಡಿದ್ದೀವಿ. ಸಿನಾರಿಯೊ ಹಾಳೆಯಲ್ಲಿ ಎರಡು ಬಣ್ಣದ ಶಾಯಿ. ಮುತ್ತಿಗೆ, 1779, ಮದಕರಿಯ ಸೆರೆ ಕಪ್ಪು ಶಾಯಿಯಲ್ಲಿ. ಜನರ ಬಾಯಿಂದ ಬಾಯಿಗೆ ಬಂದ ಓಬವ್ವನ ಕಥೆ ನೀಲಿ ಶಾಯಿಯಲ್ಲಿ. ಅವಳ ಸಾವನ್ನೇ ಒಬ್ಬೊಬ್ಬರು ಒಂದೊಂದು ಥರ ಹೇಳ್ತಾರೆ: ಶತ್ರು ಹಿಂದಿನಿಂದ ಬಂದು ಕೊಂದ ಅಂತ, ಇಲ್ಲ ಆಘಾತಕ್ಕೇ ಪ್ರಾಣ ಹೋಯ್ತು ಅಂತ. ನೀಲಿ ಅಂದರೆ ಸುಳ್ಳು ಅಂತಲ್ಲ. ಒಂದು ಊರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದು ಅಂತ. ಯಾವುದು ಯಾವುದು ಅಂತ ಆಡೋರಿಗೆ ಗೊತ್ತಿರಬೇಕು, ಅಷ್ಟೇ.

"ಓಬವ್ವನನ್ನ ಆಟದ ಬೊಂಬೆ ಮಾಡೋದು ಅವಮಾನ ಅಲ್ವಾ?" ಅಂತ ನಮ್ಮ ಕ್ಲಾಸಿನವರೇ ಕೇಳಿದರು. ನ್ಯಾಯವಾದ ಪ್ರಶ್ನೆ. ಸತ್ತವರ ತಲೆ ಎಣಿಸಿ ಪಾಯಿಂಟ್ ಕೊಟ್ಟರೆ ಖಂಡಿತ ಅವಮಾನ. ನಮ್ಮ ಆಟದಲ್ಲಿ ತಲೆಗೆ ಪಾಯಿಂಟ್ ಇಲ್ಲ. ಮುದ್ದಹನುಮ ಊಟ ಮುಗಿಸಿ ಬಂದು ಕಹಳೆ ಊದೋವರೆಗೂ ಕಿಂಡಿ ಉಳಿದರೆ ಓಬವ್ವ ಗೆದ್ದ ಹಾಗೆ. ಹೊರಗಿನವನು ಅಷ್ಟರೊಳಗೆ ಅನುಮಾನ ಬಂದು ತನ್ನ ಅರ್ಧ ಜನರನ್ನಾದ್ರೂ ಉಳಿಸಿಕೊಂಡರೆ ಅವನೂ ಸೋತ ಹಾಗಲ್ಲ. ಯಾರೇ ಗೆಲ್ಲಲಿ, ಹಾಳೆಯ ಕೊನೇ ಸಾಲು ಬದಲಾಗಲ್ಲ: 1779ರಲ್ಲಿ ದುರ್ಗ ಬಿತ್ತು. ಅವಳು ಉಳಿಸಿಕೊಟ್ಟಿದ್ದು ಸ್ವಲ್ಪ ಹೊತ್ತನ್ನ. ಆ ಸ್ವಲ್ಪ ಹೊತ್ತಿಗೇ ಊರು ಅವಳನ್ನ ಇಷ್ಟು ವರ್ಷ ನೆನಪಿಟ್ಟಿದೆ.

ನವೆಂಬರ್ 11 ಓಬವ್ವ ಜಯಂತಿ. ಅವತ್ತು ಸಂಜೆ ಕಾಲೇಜಿನಲ್ಲೇ ಮೇಜು ಹಾಕ್ತೀವಿ. ಶೂ ಡಬ್ಬ ರೆಡಿ ಇದೆ, ಊದುಬತ್ತಿ ಕಡ್ಡಿಯ ಒನಕೆನೂ ರೆಡಿ ಇದೆ. ಓಬವ್ವನ ಕಡೆ ಆಡೋಕೆ ಈಗಾಗಲೇ ಕ್ಯೂ ಇದೆ. ನಮಗೆ ಬೇಕಾಗಿರೋದು ಆ ಕಡೆ ಕೂರೋರು.