ಕೂಡಿ ಓದುವ ವಿಚಾರ

ನಮ್ಮದು ಕಲಾ ಮಹಾವಿದ್ಯಾಲಯ. ಇದರ ವಾರ್ಷಿಕ ಸಂಚಿಕೆಯಲ್ಲಿ ರಸಾಯನಶಾಸ್ತ್ರದ ಮಾತೇಕೆಂದು ಓದುಗರು ಹುಬ್ಬು ಗಂಟಿಕ್ಕಬಹುದು. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ನನಗೆ ಧಾತುಗಳ ಗೊಡವೆ ಏಕೆಂದು ಕೇಳಿದರೂ ತಪ್ಪಲ್ಲ. ಆದರೆ ಓದುವುದು ಹೇಗೆಂಬುದನ್ನು ನಾನು ಕಲಿತದ್ದು ಪಿ.ಯು.ಸಿ. ಮೊದಲ ವರ್ಷದ ರಸಾಯನಶಾಸ್ತ್ರದ ಒಂದು ಅಧ್ಯಾಯದಿಂದ. ಆ ಕಥೆಯನ್ನು ಮೊದಲು ಹೇಳಿ, ಅದರಿಂದ ನನ್ನಲ್ಲಿ ಮೂಡಿದ ಅಭಿಪ್ರಾಯವನ್ನು ಆಮೇಲೆ ಗುರುಹಿರಿಯರ ಮತ್ತು ಗೆಳೆಯರ ಮುಂದಿಡುತ್ತೇನೆ.

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದವರಿಗೆ ಪಿ.ಯು.ಸಿ. ವಿಜ್ಞಾನದ ಮೊದಲ ತಿಂಗಳುಗಳು ಎಂಥವೆಂಬುದನ್ನು ಅನುಭವಿಸಿದವರೇ ಬಲ್ಲರು. ‘ಧಾತು’ ಎಂದು ಕಲಿತದ್ದು ‘ಎಲಿಮೆಂಟ್’ ಆಗುತ್ತದೆ. ‘ಆವರ್ತ ಕೋಷ್ಟಕ’ವು ‘ಪೀರಿಯಾಡಿಕ್ ಟೇಬಲ್’ ಆಗುತ್ತದೆ. ವಸ್ತು ಹಳೆಯದೇ, ಹೆಸರು ಹೊಸದು. ತಿಳಿಯದೆ ಹೋದದ್ದು ವಿಷಯವೋ ಭಾಷೆಯೋ ಎಂಬುದೇ ಗೊತ್ತಾಗುವುದಿಲ್ಲ. ಕೇಳೋಣವೆಂದರೆ ನಾಚಿಕೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದುದರಿಂದ ಮನೆಯಲ್ಲಿ ಕೇಳುವಂತಿಲ್ಲ. ತರಗತಿಯಲ್ಲಿ ಎದ್ದು ನಿಂತರೆ ಎಲ್ಲರ ಕಣ್ಣೂ ನನ್ನ ಮೇಲೆ. ಹೀಗೆ ಬಾಯಿ ಮುಚ್ಚಿಕೊಂಡು ಕುಳಿತ ಫಲವಾಗಿ ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಆ ವಿಷಯಕ್ಕೆ ನನಗೆ ಬಂದ ಅಂಕಗಳು ೭೦ಕ್ಕೆ ೯.

ಆಗ ನಾವಿದ್ದುದು ಬಾಗಲಕೋಟೆಯ ಒಂದು ವಿದ್ಯಾರ್ಥಿನಿಲಯದಲ್ಲಿ. ಕೋಣೆಯಲ್ಲಿ ಮೂರು ಮಂಚ, ಇರುವವರು ನಾಲ್ವರು: ಇಳಕಲ್ಲಿನ ನಾನು, ಬಾದಾಮಿಯವನೊಬ್ಬ, ಹುನಗುಂದದವನೊಬ್ಬ, ಬಾಗಲಕೋಟೆ ತಾಲೂಕಿನ ಹಳ್ಳಿಯವನೊಬ್ಬ. ಅಂಕಗಳಲ್ಲಿ ನಾಲ್ವರೂ ಅಣ್ಣತಮ್ಮಂದಿರೇ. ಒಂದು ರಾತ್ರಿ ಬಾದಾಮಿಯವನು ಹೇಳಿದ: “ಒಬ್ಬೊಬ್ಬರು ಒಂದೊಂದು ಭಾಗ ಓದಿ ಉಳಿದವರಿಗೆ ಹೇಳೂಣು. ಹೇಳಾಕ ಬರಲಿಲ್ಲಂದ್ರ ನಮಗೂ ತಿಳಿದಿಲ್ಲ ಅಂತ ಅರ್ಥ.” ಅಷ್ಟೇ ನಮ್ಮ ಶಿಕ್ಷಣಪದ್ಧತಿ.

ಆವರ್ತದಲ್ಲಿ ಎಡದಿಂದ ಬಲಕ್ಕೆ ಸಾಗಿದಂತೆ ಪರಮಾಣುವಿನ ಗಾತ್ರ ಕುಗ್ಗುತ್ತದೆ, ಗುಂಪಿನಲ್ಲಿ ಮೇಲಿನಿಂದ ಕೆಳಗಿಳಿದಂತೆ ಹಿಗ್ಗುತ್ತದೆ ಎಂಬುದು ನಾಲ್ವರಿಗೂ ಬಾಯಿಪಾಠ. ಆದರೆ ಏಕೆ? ಲೀಥಿಯಮ್ಮಿಗೆ ೩ ಎಲೆಕ್ಟ್ರಾನುಗಳು, ಪುಸ್ತಕದಲ್ಲಿ ಅದರ ತ್ರಿಜ್ಯ ೧೫೨ ಪಿಕೋಮೀಟರ್. ಫ್ಲೋರೀನಿಗೆ ೯ ಎಲೆಕ್ಟ್ರಾನುಗಳು, ತ್ರಿಜ್ಯ ೬೪. ಮಂದಿ ಹೆಚ್ಚಾದಷ್ಟೂ ಮನೆ ಸಣ್ಣದಾಗುವುದೆಂದರೆ ಹೇಗೆ? ಬಾದಾಮಿಯವನು ತಮ್ಮೂರ ಬನಶಂಕರಿ ಜಾತ್ರೆಯನ್ನೇ ತಂದು ಮುಂದಿಟ್ಟ. ನಡುವೆ ತೇರು, ಸುತ್ತಲೂ ಭಕ್ತರು. ಬಲಕ್ಕೆ ಹೋದಂತೆ ಬೀಜಕೇಂದ್ರದ ಧನವಿದ್ಯುತ್ತು ಹೆಚ್ಚುತ್ತದೆ, ಎಂದರೆ ತೇರಿನ ಸೆಳೆತ ಹೆಚ್ಚುತ್ತದೆ. ಹೊಸದಾಗಿ ಬಂದವರು ಅದೇ ಸುತ್ತಿನಲ್ಲಿ ನಿಲ್ಲುವುದರಿಂದ ಸುತ್ತು ಒಳಕ್ಕೆ ಬರುತ್ತದೆ. ಗುಂಪಿನಲ್ಲಿ ಕೆಳಗಿಳಿದಂತೆ ಹೊಸ ಸುತ್ತೇ ಏರ್ಪಡುತ್ತದೆ. ಹಿಂದೆ ನಿಂತವನಿಗೆ ಮುಂದಿನವರು ಅಡ್ಡ, ತೇರಿನ ಸೆಳೆತ ಅವನಿಗೆ ಅಷ್ಟಾಗಿ ತಟ್ಟದು. ಅವನನ್ನು ಜಾತ್ರೆಯಿಂದ ಎಬ್ಬಿಸಿಕೊಂಡು ಹೋಗುವುದೂ ಸುಲಭ. ಆದ್ದರಿಂದಲೇ ಅಯಾನೀಕರಣ ಶಕ್ತಿ ಕೆಳಗಿಳಿದಂತೆ ಕಡಿಮೆಯಾಗುತ್ತದೆ.

ಹಾಗಿದ್ದಲ್ಲಿ ನೈಟ್ರೋಜನ್ನಿಗೆ ೧೪೦೨ ಕಿಲೋಜೂಲ್ ಬೇಕಾಗಿ, ಅದರ ಬಲಗಡೆಯ ಆಕ್ಸಿಜನ್ನಿಗೆ ೧೩೧೪ ಸಾಕಾಗುವುದೇಕೆ? ಹುನಗುಂದದವನು ನಮ್ಮ ಕೋಣೆಯನ್ನೇ ತೋರಿಸಿದ. ನೈಟ್ರೋಜನ್ನಿನ ಹೊರಗಿನ ಮೂರು ಎಲೆಕ್ಟ್ರಾನುಗಳಿಗೆ ಮೂರು ಮಂಚ, ಒಬ್ಬೊಬ್ಬರಿಗೆ ಒಂದೊಂದು. ಆಕ್ಸಿಜನ್ನಿನ ನಾಲ್ಕನೆಯವನು ಯಾರದೋ ಮಂಚದಲ್ಲಿ ಪಾಲು ಕೇಳಬೇಕು. ಜಗಳವಾಗಿ ಒಬ್ಬ ಬೇಗ ಹೊರಬೀಳುತ್ತಾನೆ. ಮಂಚ ಹಂಚಿಕೊಂಡು ಮಲಗುತ್ತಿದ್ದ ನಮಗೆ ಇದಕ್ಕೆ ಹೆಚ್ಚಿನ ವ್ಯಾಖ್ಯಾನ ಬೇಕಾಗಲಿಲ್ಲ.

ನನ್ನ ಸರದಿಗೆ ಎಲೆಕ್ಟ್ರಾನನ್ನು ಪಡೆದುಕೊಳ್ಳುವಾಗ ಬಿಡುಗಡೆಯಾಗುವ ಶಕ್ತಿಯ ಭಾಗ ಬಂತು. ಫ್ಲೋರೀನೇ ಎಲ್ಲಕ್ಕಿಂತ ಮುಂದು ಎಂದು ಧೈರ್ಯವಾಗಿ ಹೇಳಿದೆ. ಮುಂದಿನ ಕಿರುಪರೀಕ್ಷೆಯಲ್ಲಿ ನಾಲ್ವರೂ ಹಾಗೆಯೇ ಬರೆದೆವು. ಅದು ತಪ್ಪು. ಫ್ಲೋರೀನಿನದು ೩೨೮ ಕಿಲೋಜೂಲ್, ಕ್ಲೋರೀನಿನದು ೩೪೯. ಉಪನ್ಯಾಸಕರು ನಾಲ್ವರನ್ನೂ ಕರೆಯಿಸಿ, “ನಾಲ್ಕು ಪತ್ರಿಕೆಯಲ್ಲಿ ಒಂದೇ ತಪ್ಪು. ನಕಲು ಮಾಡೀರೇನು?” ಎಂದರು. ಇದ್ದುದನ್ನು ಹೇಳಿದೆವು. ಅವರು ಸಿಟ್ಟಾಗಲಿಲ್ಲ. ಫ್ಲೋರೀನಿನ ಪರಮಾಣು ತೀರ ಚಿಕ್ಕದು, ಅಲ್ಲಿ ಎಲೆಕ್ಟ್ರಾನುಗಳ ದಟ್ಟಣೆಯಿಂದ ಹೊಸಬನಿಗೆ ತಳ್ಳಾಟ ಹೆಚ್ಚು ಎಂದು ತಿಳಿಸಿ, “ಹೀಂಗ ಕೂಡಿ ಓದ್ರಿ. ಆದರ ವಾರಕ್ಕೊಮ್ಮೆ ನನಗ ಒಪ್ಪಿಸ್ರಿ” ಎಂದರು. ವಾರ್ಷಿಕ ಪರೀಕ್ಷೆಯಲ್ಲಿ ನಾಲ್ವರೂ ಉತ್ತೀರ್ಣರಾದೆವು. ಮುಂದೆ ನಾನು ಕಲಾವಿಭಾಗಕ್ಕೆ ಬಂದೆನಾದರೂ ಆ ಅಭ್ಯಾಸವನ್ನು ಬಿಟ್ಟು ಬರಲಿಲ್ಲ.

ಆ ಕೋಷ್ಟಕದ ಇತಿಹಾಸವನ್ನು ಅನಂತರ ಓದಿದಾಗ ನನಗೆ ಇನ್ನೊಂದು ಸಂಗತಿ ತಿಳಿಯಿತು. ೧೮೬೦ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ರಸಾಯನಶಾಸ್ತ್ರಜ್ಞರ ಸಮ್ಮೇಳನ ನೆರೆದಾಗ ಪರಮಾಣುತೂಕಗಳನ್ನು ಕುರಿತ ಕನಿಝಾರೋನ ಕಿರುಹೊತ್ತಗೆಯನ್ನು ಅಲ್ಲಿ ಹಂಚಲಾಯಿತು. ಕೇಳುತ್ತಿದ್ದವರಲ್ಲಿ ತರುಣ ಮೆಂಡಲೀಫನೂ ಒಬ್ಬ. ೧೮೬೯ರಲ್ಲಿ ಅವನು ಕೋಷ್ಟಕವನ್ನು ಪ್ರಕಟಿಸಿದ್ದು ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕವೊಂದನ್ನು ಬರೆಯುತ್ತಿದ್ದಾಗ. ಇತರರಿಗೆ ತಿಳಿಯುವಂತೆ ಹೇಳುವುದು ಹೇಗೆಂಬ ಚಿಂತೆಯೇ ಅವನಿಗೆ ದಾರಿ ತೋರಿತು. ೧೮೭೫ರಲ್ಲಿ ಫ್ರಾನ್ಸಿನ ಬ್ವಾಬೊದ್ರಾನ್ ಗ್ಯಾಲಿಯಮ್ಮನ್ನು ಕಂಡುಹಿಡಿದು ಅದರ ಸಾಂದ್ರತೆ ೪.೭ ಎಂದ. ಅದನ್ನು ಕಣ್ಣಿನಿಂದ ಕಾಣದಿದ್ದ ಮೆಂಡಲೀಫ್, ೫.೯ರ ಸುಮಾರು ಇರಬೇಕೆಂದು ತಿಳಿಸಿದ. ಲೋಹವನ್ನು ಶುದ್ಧಿಗೊಳಿಸಿ ಮತ್ತೆ ಅಳೆದಾಗ ೫.೯ ಎಂದೇ ಬಂತು. ಅಂಥ ಪಂಡಿತರೇ ಒಬ್ಬರ ತಪ್ಪನ್ನು ಒಬ್ಬರು ತಿದ್ದಿಕೊಂಡಿರುವಾಗ ನಮಗೇಕೆ ಸಂಕೋಚ?

ಕೂಡಿ ಓದುವುದರ ವಿರುದ್ಧ ಎರಡು ಆಕ್ಷೇಪಣೆಗಳನ್ನು ಕೇಳಿದ್ದೇನೆ. ಕುರುಡನ ಕೈಯನ್ನು ಕುರುಡ ಹಿಡಿದಂತಾಗುತ್ತದೆಂಬುದು ಒಂದು. ಇದು ಸುಳ್ಳಲ್ಲ, ನನ್ನ ಫ್ಲೋರೀನಿನ ಪ್ರಸಂಗವೇ ಸಾಕ್ಷಿ. ಆದರೆ ಒಬ್ಬನೇ ಓದಿದ್ದರೆ ಆ ತಪ್ಪು ನನ್ನೊಳಗೇ ಉಳಿಯುತ್ತಿತ್ತು. ನಾಲ್ವರ ಬಾಯಲ್ಲಿ ಬಂದುದರಿಂದ ಗುರುಗಳ ಕಣ್ಣಿಗೆ ಬಿತ್ತು. ತಾನು ಕಷ್ಟಪಟ್ಟು ಸಂಪಾದಿಸಿದ್ದನ್ನು ಪ್ರತಿಸ್ಪರ್ಧಿಗೆ ಕೊಡುವುದೇಕೆಂಬುದು ಎರಡನೆಯ ಆಕ್ಷೇಪಣೆ. ಇದಕ್ಕೆ ನಮ್ಮ ಮನೆಯ ಮಗ್ಗವೇ ಉತ್ತರ ಹೇಳುತ್ತದೆ. ಇಳಕಲ್ ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆ ಎಳೆಯಾಗಿ ಕುಣಿಕೆ ಹಾಕಿ ಜೋಡಿಸುವಾಗ ಅಪ್ಪನ ಕೈಯೊಂದೇ ಸಾಲದು. ಅವ್ವ ಬರಬೇಕು, ನಾನೂ ಕೂಡಬೇಕು. ಅದರಿಂದ ಅಪ್ಪನ ನೇಯ್ಗೆ ಕಡಿಮೆಯಾದದ್ದನ್ನು ನಾನು ಕಂಡಿಲ್ಲ. ಹೇಳಿಕೊಟ್ಟವನಿಗೇ ಪಾಠ ಹೆಚ್ಚು ನೆನಪಿರುತ್ತದೆಂಬುದಂತೂ ನನ್ನ ಸ್ವಂತ ಅನುಭವ.

ಇಲ್ಲಿಗೆ ಮುಗಿಸಿದ್ದರೆ ಇದು ನಮ್ಮ ಬಡಾಯಿಯಾಗುತ್ತಿತ್ತು. ಹೇಳಲೇಬೇಕಾದ ಇನ್ನೊಂದು ಮಾತಿದೆ. ನಮ್ಮ ಪಕ್ಕದ ಕೋಣೆಯಲ್ಲಿ ಇನ್ನೊಬ್ಬನಿದ್ದ, ನಮ್ಮದೇ ತರಗತಿಯವನು. ನಾವು ರಾತ್ರಿ ಗಟ್ಟಿಯಾಗಿ ಪಾಠ ಹೇಳಿಕೊಳ್ಳುವಾಗ ಬಾಗಿಲಲ್ಲಿ ಒಂದು ಗಳಿಗೆ ನಿಂತು ಹೋಗುತ್ತಿದ್ದ. ನಾವು ಕರೆಯಲಿಲ್ಲ. ಐದನೆಯವನು ಬಂದರೆ ಹೊತ್ತು ಹೆಚ್ಚು ಹಿಡಿಯುತ್ತದೆಂದು ಒಳಗೊಳಗೇ ಅಂದುಕೊಂಡೆವು. ಅವನು ಅನುತ್ತೀರ್ಣನಾದ, ಟ್ರಂಕು ತೆಗೆದುಕೊಂಡು ಊರಿಗೆ ಹೋದವನು ಮರಳಲಿಲ್ಲ. ಕಳೆದ ವರ್ಷ ಇಳಕಲ್ಲಿನ ಬಸ್ ನಿಲ್ದಾಣದಲ್ಲಿ ಸಿಕ್ಕ. ಗ್ರಾನೈಟ್ ಕಲ್ಲಿಗೆ ಹೊಳಪು ಕೊಡುವ ಕೆಲಸದಲ್ಲಿದ್ದೇನೆಂದ. ಆ ಕೆಲಸ ಹೀನವೆಂದು ನಾನು ಹೇಳುವುದಿಲ್ಲ. ಆದರೆ ಅವನು ಅದನ್ನು ಆರಿಸಿಕೊಂಡದ್ದಲ್ಲ. ಮಾತಿನ ನಡುವೆ ಆ ರಾತ್ರಿಗಳ ನೆನಪು ಬಂತು. “ನೀವು ಕರದಿದ್ರ ಬರ್ತಿದ್ನಿ. ನಾನಾಗಿ ಕೇಳಾಕ ನಾಚಿಕಿ ಆತು” ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಉತ್ತರ ಹೊಳೆಯಲಿಲ್ಲ.

ಆದುದರಿಂದ ನನ್ನ ಅಭಿಪ್ರಾಯವಿಷ್ಟು: ಕೂಡಿ ಓದುವುದನ್ನು ಗೆಳೆತನದ ಮರ್ಜಿಗೆ ಬಿಡಬಾರದು. ಗೆಳೆಯರಿದ್ದವನಿಗೆ ಗೆಳೆಯರು ಸಿಕ್ಕೇ ಸಿಗುತ್ತಾರೆ. ಬಾಗಿಲಲ್ಲಿ ನಿಂತವನಿಗಾಗಿ ಏರ್ಪಾಡು ಬೇಕು. ಪರೀಕ್ಷೆಗೆ ಎರಡು ತಿಂಗಳು ಮೊದಲಿನಿಂದ ನಮ್ಮ ಕಾಲೇಜಿನ ಒಂದು ಕೋಣೆ ಸಂಜೆ ಒಂದು ತಾಸು ತೆರೆದಿರಲಿ. ದಿನಕ್ಕೊಬ್ಬ ವಿದ್ಯಾರ್ಥಿ ಅಥವಾ ವಿದ್ಯಾರ್ಥಿನಿ ಒಂದು ವಿಷಯ ಹೇಳಲಿ. ಬಾದಾಮಿಯವರು ಮೂರನೆಯ ಗುಹೆಯ ೫೭೮ರ ಶಾಸನವನ್ನು ಕಣ್ಣಾರೆ ಕಂಡವರು; ಚಾಲುಕ್ಯರ ಪಾಠ ಅವರದಾಗಲಿ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಮನೆಯನ್ನು ಬಿಟ್ಟುಕೊಟ್ಟು ನವನಗರಕ್ಕೆ ಬಂದ ಬಾಗಲಕೋಟೆಯ ಮನೆಗಳ ಮಕ್ಕಳು ಪುನರ್ವಸತಿಯ ವಿಷಯ ಹೇಳಲಿ. ಕೂಡಲಸಂಗಮದ ನೆರೆಯ ಹುನಗುಂದದವರು ಶರಣರ ಕಾಲವನ್ನೂ, ಇಳಕಲ್ಲಿನವರು ಕೈಮಗ್ಗದ ಅರ್ಥಶಾಸ್ತ್ರವನ್ನೂ ವಹಿಸಿಕೊಳ್ಳಲಿ. ವಾರಕ್ಕೊಮ್ಮೆ ಅಧ್ಯಾಪಕರೊಬ್ಬರು ಬಂದು ನಮ್ಮ ಫ್ಲೋರೀನುಗಳನ್ನು ತಿದ್ದಲಿ.

ವಿಜ್ಞಾನ ಓದುವ ಪಿ.ಯು.ಸಿ. ತಮ್ಮ ತಂಗಿಯರನ್ನೂ ನಾವು ಮರೆಯಬಾರದು. ೨೦೨೩ರಲ್ಲಿ ಎನ್.ಸಿ.ಇ.ಆರ್.ಟಿ.ಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ಆವರ್ತ ಕೋಷ್ಟಕದ ಅಧ್ಯಾಯವನ್ನು ಕೈಬಿಡಲಾಯಿತು. ಆ ಪುಸ್ತಕವನ್ನು ಓದಿ ಬಂದವರಿಗೆ ಪಿ.ಯು.ಸಿ.ಯಲ್ಲಿ ಅದು ತೀರ ಹೊಸ ಮುಖ. ಕನ್ನಡದ ಮಾತಿನೆದುರು ಇಂಗ್ಲಿಷಿನ ಮಾತನ್ನು ಬರೆದ ಒಂದು ವಹಿಯನ್ನು ವಿದ್ಯಾರ್ಥಿನಿಲಯಗಳಲ್ಲಿ ಇಟ್ಟರೂ ಅವರ ಅರ್ಧ ಭಯ ಹೋದೀತು. ಇದಕ್ಕೆ ಖರ್ಚು ಒಂದು ವಹಿ, ಒಂದು ಪೆನ್ನು.

ಈ ವರ್ಷ ನಾನು ಕಾಲೇಜನ್ನು ಬಿಟ್ಟು ಹೋಗುತ್ತೇನೆ. ಉಳಿಯುವ ಗೆಳೆಯರಲ್ಲಿ ನನ್ನ ಬಿನ್ನಹವೊಂದೇ. ಓದಲು ಕುಳಿತಾಗ ಒಮ್ಮೆ ಬಾಗಿಲ ಕಡೆ ನೋಡಿರಿ. ಯಾರಾದರೂ ನಿಂತಿದ್ದರೆ, ಅವರು ಕೇಳುವವರೆಗೆ ಕಾಯದೆ ಒಳಗೆ ಕರೆಯಿರಿ.

— ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿ