ಯುಪಿಐ: ಯಾರ ದುಡ್ಡು, ಯಾರ ಜಾತ್ರೆ?

2025ರ ಜೂನ್‌ನಲ್ಲಿ ಯುಪಿಐಗೆ ಶುಲ್ಕ ಬರಲಿದೆ ಎಂಬ ಸುದ್ದಿ ಹಬ್ಬಿದ ಕೂಡಲೇ ಹಣಕಾಸು ಸಚಿವಾಲಯ ಅದು ಶುದ್ಧ ಸುಳ್ಳು, ಬುಡವಿಲ್ಲದ ಮಾತು ಎಂದು ಅಲ್ಲಗಳೆಯಿತು. ಅದಾಗಿ ಎರಡು ತಿಂಗಳು ತುಂಬುವ ಮೊದಲೇ ರಿಸರ್ವ್ ಬ್ಯಾಂಕ್ ಗವರ್ನರ್ ಸಂಜಯ್ ಮಲ್ಹೋತ್ರಾ, ಯುಪಿಐ ಎಂದೆಂದಿಗೂ ಉಚಿತವಾಗಿರುತ್ತದೆ ಎಂದು ತಾವು ಹೇಳಿಯೇ ಇಲ್ಲ, ಅದರ ಖರ್ಚನ್ನು ಯಾರಾದರೂ ಹೊರಲೇಬೇಕು ಎಂದರು. ಇಬ್ಬರ ಮಾತಿನ ನಡುವೆ ಚರ್ಚೆ ‘ಶುಲ್ಕ ಬೇಕೋ ಬೇಡವೋ’ ಎಂಬಲ್ಲಿಗೇ ನಿಂತುಹೋಯಿತು. ಯಾರಿಗೆ ಬೇಕು, ಯಾರಿಗೆ ಬೇಡ ಎಂದು ಕೇಳಿದವರು ಕಡಿಮೆ. ತರಕಾರಿ ಗಾಡಿಯವರಿಂದ ಒಂದು ಪೈಸೆಯನ್ನೂ ಕೇಳಬಾರದು, ಸಾವಿರಾರು ಕೋಟಿ ವಹಿವಾಟಿನ ಆನ್‌ಲೈನ್ ಮಳಿಗೆಗಳಿಂದ ಕೇಳಲೇಬೇಕು ಎಂಬುದು ನನ್ನ ವಾದ. ಇವರಿಬ್ಬರನ್ನೂ ಒಂದೇ ಸೊನ್ನೆ ಶುಲ್ಕದ ನೆರಳಿಗೆ ತಂದು ಕೂರಿಸಿರುವುದೇ ಈಗಿನ ನೀತಿಯ ದೊಡ್ಡ ತಪ್ಪು.

ಆನ್‌ಲೈನ್‌ನಲ್ಲಿ ₹499ರ ಒಂದು ಕುರ್ತಾ ಕೊಳ್ಳುವಾಗ ಏನಾಗುತ್ತದೆ ನೋಡಿ. ‘ಪೇ’ ಒತ್ತಿದ ಕೂಡಲೇ ಮೊಬೈಲಿನ ಆ್ಯಪ್‌ನಿಂದ ಹೊರಟ ಸಂದೇಶ, ಆ್ಯಪ್‌ಗೆ ಬೆನ್ನೆಲುಬಾಗಿರುವ ಬ್ಯಾಂಕಿನ ಮೂಲಕ ಎನ್‌ಪಿಸಿಐ ಎಂಬ ರಾಷ್ಟ್ರೀಯ ಪಾವತಿ ನಿಗಮದ ಕೇಂದ್ರಕ್ಕೆ ಹೋಗುತ್ತದೆ. ಅದು ನಿಮ್ಮ ಬ್ಯಾಂಕಿನ ಕದ ತಟ್ಟುತ್ತದೆ. ಬ್ಯಾಂಕು ಪಿನ್ ಸರಿಯಿದೆಯೇ, ಖಾತೆಯಲ್ಲಿ ಹಣವಿದೆಯೇ ಎಂದು ನೋಡಿ ಅಷ್ಟನ್ನು ಮುರಿದುಕೊಳ್ಳುತ್ತದೆ. ಆ ದುಡ್ಡು ನೇರವಾಗಿ ಕುರ್ತಾ ಮಾರಿದವರ ಕೈಗೆ ಹೋಗುವುದಿಲ್ಲ. ಪೇಮೆಂಟ್ ಅಗ್ರಿಗೇಟರ್ ಎಂಬ ನಡುವಿನ ಸಂಸ್ಥೆ ಅದನ್ನು ಪ್ರತ್ಯೇಕ ಎಸ್ಕ್ರೋ ಖಾತೆಯಲ್ಲಿ ಇರಿಸಿಕೊಂಡು ಆಮೇಲೆ ಮಾರಾಟಗಾರರಿಗೆ ತಲುಪಿಸುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಈ ಓಡಾಟದ ಪ್ರತಿ ಹಂತದಲ್ಲೂ ಸರ್ವರ್ ಇದೆ, ವಂಚನೆ ಹಿಡಿಯುವ ತಂತ್ರಾಂಶವಿದೆ, ‘ದುಡ್ಡು ಕಟ್ ಆಯ್ತು, ಆರ್ಡರ್ ಆಗ್ಲಿಲ್ಲ’ ಎಂಬ ಕರೆಗೆ ಉತ್ತರಿಸಬೇಕಾದವರಿದ್ದಾರೆ. (ಹಾಗೆ ಕಟ್ ಆದ ಹಣ ವಹಿವಾಟಿನ ದಿನ ಬಿಟ್ಟು 5 ದಿನದೊಳಗೆ ತಾನಾಗಿ ವಾಪಸ್ ಬರಬೇಕು, ತಡವಾದರೆ ದಿನಕ್ಕೆ ₹100 ಪರಿಹಾರ ಸಲ್ಲಬೇಕು ಎಂದು ರಿಸರ್ವ್ ಬ್ಯಾಂಕ್ 2019ರಲ್ಲೇ ನಿಯಮ ಮಾಡಿದೆ. ಕೇಳಿ ಪಡೆದವರು ಎಷ್ಟು ಮಂದಿಯೋ!) ಇದೇ ಕುರ್ತಾವನ್ನು ಕ್ರೆಡಿಟ್ ಕಾರ್ಡಿನಲ್ಲಿ ಕೊಂಡರೆ ಮಳಿಗೆಯವರು ಎಂಡಿಆರ್ ಎಂಬ ಶುಲ್ಕ ಕೊಡುತ್ತಾರೆ. ಯುಪಿಐ ಆದರೆ ಸೊನ್ನೆ.

ಈ ಸೊನ್ನೆ ಹುಟ್ಟಿದ್ದು 2019ರ ಜುಲೈ ಬಜೆಟ್‌ನಲ್ಲಿ. ಕರ್ನಾಟಕದಿಂದ ರಾಜ್ಯಸಭೆಯಲ್ಲಿರುವ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅಂದು, ನಗದು ನಿರ್ವಹಣೆಯ ಹೊರೆ ತಗ್ಗಿ ಉಳಿಯುವ ಹಣದಲ್ಲಿ ರಿಸರ್ವ್ ಬ್ಯಾಂಕ್ ಮತ್ತು ಬ್ಯಾಂಕುಗಳೇ ಈ ಖರ್ಚನ್ನು ನುಂಗಿಕೊಳ್ಳುತ್ತವೆ ಎಂದಿದ್ದರು. 2020ರ ಜನವರಿ 1ರಿಂದ ನಿಯಮ ಜಾರಿಯಾಯಿತು. ಆದರೆ ಆ ಉಳಿತಾಯದ ಲೆಕ್ಕ ಕೈಗೂಡಲಿಲ್ಲ, ಬೊಕ್ಕಸವೇ ಕೈ ಹಿಡಿಯಬೇಕಾಯಿತು: ಪ್ರೋತ್ಸಾಹಧನವೆಂದು 2021-22ರಲ್ಲಿ ₹1,389 ಕೋಟಿ, 2023-24ರಲ್ಲಿ ₹3,631 ಕೋಟಿ. 2024-25ಕ್ಕೆ ಅದು ₹1,500 ಕೋಟಿಗೆ ಇಳಿಯಿತು. ಅದೂ ಸಣ್ಣ ವ್ಯಾಪಾರಿಗಳಿಗೆ ಬರುವ ₹2,000ದೊಳಗಿನ ಪಾವತಿಗಳಿಗೆ ಮಾತ್ರ. ಅಂದರೆ ದೊಡ್ಡ ಮಳಿಗೆಗಳ ಪಾವತಿಯನ್ನು ದಡ ಮುಟ್ಟಿಸುವ ಖರ್ಚಿಗೆ ಇತ್ತ ಶುಲ್ಕವೂ ಇಲ್ಲ, ಅತ್ತ ಸಹಾಯಧನವೂ ಇಲ್ಲ. ಬ್ಯಾಂಕುಗಳು ಅದನ್ನು ಬೇರೆ ಗ್ರಾಹಕರಿಂದ, ಬೇರೆ ಸೇವೆಗಳಿಂದ ತುಂಬಿಕೊಳ್ಳಬೇಕು. ಆ್ಯಪ್‌ಗಳು ನಿಮ್ಮಿಂದಲೇ ತುಂಬಿಕೊಳ್ಳುತ್ತವೆ: ಪಾವತಿಯ ಹಸಿರು ಟಿಕ್ ಮಾಸುವ ಮೊದಲೇ ‘ನಿಮಗೆ ಸಾಲ ಮಂಜೂರಾಗಿದೆ’ ಎಂದು ಪರದೆ ತುಂಬ ಹರಡಿಕೊಳ್ಳುವ ಜಾಹೀರಾತಿನ ಗುಟ್ಟು ಇದೇ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ಬಿಟ್ಟಿ ಸೇವೆಯನ್ನು ವರ್ಷಗಟ್ಟಲೆ ನಡೆಸುವ ತಾಕತ್ತು ಯಾರಿಗಿರುತ್ತದೆ? ನಷ್ಟ ತಾಳಿಕೊಳ್ಳುವ ದೊಡ್ಡ ಜೇಬಿನವರಿಗೆ. ಯುಪಿಐ ಪಾವತಿಗಳಲ್ಲಿ ಶೇ 80ರಷ್ಟು ಫೋನ್‌ಪೇ, ಗೂಗಲ್‌ಪೇ ಎಂಬ ಎರಡೇ ಆ್ಯಪ್‌ಗಳ ಮೂಲಕ ಹೋಗುತ್ತಿರುವುದು ಆಕಸ್ಮಿಕವೇನಲ್ಲ. ಒಂದು ಆ್ಯಪ್‌ನ ಪಾಲು ಶೇ 30 ಮೀರಬಾರದು ಎಂದು ಎನ್‌ಪಿಸಿಐ 2020ರಲ್ಲಿ ಹೇಳಿತು. ಗಡುವು ಮುಂದೆ ಮುಂದೆ ಹೋಗಿ 2026ರ ಡಿಸೆಂಬರ್‌ಗೆ ಬಂದು ನಿಂತಿದೆ. ಬೆಂಗಳೂರಿನಲ್ಲೇ ನೆಲೆಯಿರುವ ಫ್ಲಿಪ್‌ಕಾರ್ಟ್ ಮತ್ತು ಫೋನ್‌ಪೇ ಎರಡರಲ್ಲೂ ಅಮೆರಿಕದ ವಾಲ್‌ಮಾರ್ಟ್‌ನದೇ ಸಿಂಹಪಾಲು. ಶುಲ್ಕವಿಲ್ಲದ್ದರಿಂದ ಲಾಭ ಪಡೆಯುವ ಅಂಗಡಿಗೂ ಆ ನಷ್ಟ ತಾಳಬಲ್ಲ ಆ್ಯಪ್‌ಗೂ ಒಬ್ಬನೇ ಯಜಮಾನ. ಹೊಸದಾಗಿ ಕಣಕ್ಕಿಳಿಯುವ ಸಣ್ಣ ಕಂಪನಿ ಇವರೆದುರು ಏನನ್ನು ಮಾರಿ ಬದುಕಬೇಕು?

ಶುಲ್ಕ ಹಾಕಿದರೆ ಮಳಿಗೆಗಳು ಅದನ್ನು ಗ್ರಾಹಕರ ತಲೆಗೇ ಕಟ್ಟುತ್ತವೆ ಎಂಬ ಆಕ್ಷೇಪ ಪೊಳ್ಳಲ್ಲ. ಪಾವತಿ ಉದ್ಯಮದ ಸಂಘಟನೆ 2025ರಲ್ಲಿ ಪ್ರಧಾನಿಗೆ ಬರೆದ ಪತ್ರದಲ್ಲಿ ದೊಡ್ಡ ವ್ಯಾಪಾರಿಗಳಿಗೆ ಕೇಳಿದ್ದ ದರ ಶೇ 0.3. ಆ ಕುರ್ತಾಗೆ ₹1.50. ಅದಷ್ಟೂ ಬೆಲೆಯಲ್ಲಿ ಸೇರಿಕೊಂಡಿತು ಎಂದೇ ಇಟ್ಟುಕೊಳ್ಳೋಣ, ಕೊಂಡವರು ಕೊಟ್ಟಂತಾಯಿತು, ಕೊಳ್ಳದವರ ಕೊರಳಿಗೆ ಬೀಳಲಿಲ್ಲ. ಅದಿರಲಿ, ಈ ಆರು ವರ್ಷದ ಸೊನ್ನೆಯ ಲಾಭವನ್ನು ಮಳಿಗೆಗಳು ಗ್ರಾಹಕರಿಗೆ ದಾಟಿಸಿವೆಯೇ? ಪ್ಲಾಟ್‌ಫಾರಂ ಶುಲ್ಕ, ಹ್ಯಾಂಡ್ಲಿಂಗ್ ಶುಲ್ಕಗಳು ಬಿಲ್ಲಿನ ಬಾಲದಲ್ಲಿ ಬೆಳೆದದ್ದು ಇದೇ ಅವಧಿಯಲ್ಲಿ. ಕ್ಯಾಶ್ ಆನ್ ಡೆಲಿವರಿಗೆ ಹೆಚ್ಚುವರಿ ಹಣ ಕೀಳುವ ದೂರುಗಳನ್ನು ತನಿಖೆ ಮಾಡಿಸುವುದಾಗಿ ಧಾರವಾಡದ ಸಂಸದರೂ ಆದ ಗ್ರಾಹಕ ವ್ಯವಹಾರಗಳ ಸಚಿವ ಪ್ರಲ್ಹಾದ ಜೋಶಿ 2025ರ ಅಕ್ಟೋಬರ್‌ನಲ್ಲಿ ಹೇಳಬೇಕಾಯಿತು. ನಗದಿನ ಖರ್ಚನ್ನು ರೂಪಾಯಿ ಲೆಕ್ಕದಲ್ಲಿ ವಸೂಲು ಮಾಡಲು ಬರುವವರಿಗೆ ಯುಪಿಐನಿಂದಾದ ಉಳಿತಾಯ ಮಾತ್ರ ಲೆಕ್ಕಕ್ಕೆ ಸಿಗುವುದಿಲ್ಲ.

ಯುಪಿಐ ರಸ್ತೆಯಿದ್ದಂತೆ, ಸಾರ್ವಜನಿಕ ಸೊತ್ತು ಎನ್ನುವವರೂ ಇದ್ದಾರೆ. ಒಪ್ಪೋಣ. ರಾಷ್ಟ್ರೀಯ ಹೆದ್ದಾರಿಯಲ್ಲಿ ಬೈಕಿಗೆ ಟೋಲ್ ಇಲ್ಲ, ಲಾರಿಗೆ ಇದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಬಂದ ಜಿಎಸ್‌ಟಿ ನೋಟಿಸಿಗೆ ಬೆದರಿ ಬೆಂಗಳೂರಿನ ಬೇಕರಿ, ಬೀಡಾ ಅಂಗಡಿಗಳು ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂದು ಬೋರ್ಡು ನೇತುಹಾಕಿದ್ದನ್ನು ನೋಡಿದ ಮೇಲೆ, ಸಣ್ಣವರ ಕಿವಿಗೆ ಶುಲ್ಕವೆಂಬ ಮಾತೇ ಬೀಳಬಾರದು ಎಂಬ ಎಚ್ಚರಿಕೆಯೂ ಸರಿಯೇ. ಅದಕ್ಕೇ ಸಣ್ಣವರು, ದೊಡ್ಡವರ ನಡುವಿನ ಗೆರೆಯನ್ನು ಕಾನೂನಿನಲ್ಲೇ ದಪ್ಪಗೆ ಎಳೆಯಬೇಕು. ಹಾಗೆ ಎಳೆಯುವುದು ಹೊಸ ವಿದ್ಯೆಯೂ ಅಲ್ಲ: ಡೆಬಿಟ್ ಕಾರ್ಡಿನ ಎಂಡಿಆರ್‌ಗೆ ₹20 ಲಕ್ಷ ವಹಿವಾಟಿನ ಗೆರೆ 2018ರಿಂದಲೇ ಇದೆ.

ಇಷ್ಟಕ್ಕೂ ಸೊನ್ನೆಯ ನೆರಳು ಸಣ್ಣವರಿಗೆ ಪೂರ್ತಿ ಸಿಕ್ಕಿದೆಯೇ? ಇಳಕಲ್ಲಿನ ನೇಕಾರರ ಮನೆಯೊಂದು ಸ್ವಂತ ವೆಬ್‌ಸೈಟ್ ತೆರೆದು ಸೀರೆ ಮಾರುತ್ತದೆ ಎಂದುಕೊಳ್ಳಿ. ಯುಪಿಐಗೆ ಎಂಡಿಆರ್ ಇಲ್ಲ, ನಿಜ. ಆದರೆ ಪಾವತಿ ತಂದುಕೊಡುವ ಗೇಟ್‌ವೇ ಕಂಪನಿ ‘ಪ್ಲಾಟ್‌ಫಾರಂ ಶುಲ್ಕ’ ಎಂದು ಹೆಸರು ಬದಲಿಸಿ ವಸೂಲು ಮಾಡಬಹುದು. ದರ ಶೇ 2 ಎಂದಾದರೆ ₹1,500ರ ಸೀರೆಗೆ ₹30, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ ₹35.40. ಚೌಕಾಸಿ ಮಾಡುವ ಬಲವಿರುವ ದೈತ್ಯ ಮಳಿಗೆಗೆ ಈ ದರ ಇರುವುದಿಲ್ಲ. ದೊಡ್ಡವರಿಗೆ ಶುಲ್ಕ ವಿಧಿಸುವ ಆದೇಶದಲ್ಲೇ, ಗೆರೆಯ ಕೆಳಗಿನವರ ಯುಪಿಐ ಪಾವತಿಗೆ ಯಾವ ಹೆಸರಿನಲ್ಲೂ ಏನನ್ನೂ ಮುರಿದುಕೊಳ್ಳಕೂಡದು ಎಂಬ ಸಾಲನ್ನೂ ಸೇರಿಸಬೇಕು. ಆ ₹35.40 ಇಳಕಲ್ಲಿನಲ್ಲೇ ಉಳಿಯಲಿ.